ಕೂಳೆ ಹೊಲದಲ್ಲಿ ಪರೀಕ್ಷೆ

ಚಕ್ರ, ಚಕ್ರ ಎಂದು ತಾನು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೇನೆಂದು ಅದೆಮಾರ್‌ಗೆ ತಿಳಿದದ್ದು ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಾಗ. ನಕ್ಕಂತೆ ಮಾಡಿ ಕಿಟಕಿಯ ಕಡೆ ಮುಖ ತಿರುಗಿಸಿದ. ಬಸ್ಸು ಎವೊರಾದ ಕೋಟೆಗೋಡೆ ಬಿಟ್ಟು ಮಂಜಿನೊಳಗೆ ಹೊಕ್ಕಿತ್ತು. ಅಕ್ಟೋಬರಿನ ಮೊದಲ ಮಳೆ ಬಿದ್ದು ನೆಲ ಇನ್ನೂ ಆರಿರಲಿಲ್ಲ. ತೊಗಟೆ ಸುಲಿಸಿಕೊಂಡ ಕಾರ್ಕ್ ಮರಗಳು ಒಂದೊಂದಾಗಿ ಎದ್ದು ಬಂದು, ಕೆಂಪು ಕಾಂಡದ ಮೇಲೆ ಸುಲಿದ ವರ್ಷದ ಬಿಳಿ ಅಂಕಿ ತೋರಿಸಿ, ಮತ್ತೆ ಕರಗಿ ಹೋಗುತ್ತಿದ್ದವು. ಇವತ್ತು ಅವನು ಹಾರಿಸಬೇಕಾದ ವಿಮಾನದ ಚಕ್ರಗಳು ಹೊಟ್ಟೆಯೊಳಗೆ ಮಡಚಿಕೊಳ್ಳುವಂಥವು. ಇಳಿಯುವಾಗ ನೆನಪಿಟ್ಟು ಕೆಳಗೆ ಬಿಡಬೇಕು. ಮರೆತರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಅಮೆಜಾನ್ ನದಿಯ ಬದಿಯಲ್ಲಿ, ಬ್ರೆಜಿಲಿನ ಪಾರಾ ಪ್ರಾಂತ್ಯದಲ್ಲಿ, ಅವನು ಅರ್ಧ ಆಯುಷ್ಯ ಹಾರಿಸಿದ ವಿಮಾನಗಳ ಚಕ್ರಗಳು ಎಮ್ಮೆಯ ಕಾಲಿನ ಹಾಗೆ ಸದಾ ಕೆಳಗೇ ಇರುತ್ತಿದ್ದವು. ಅಲ್ಲಿ ಮರೆಯುವುದಕ್ಕೆ ಏನೂ ಇರಲಿಲ್ಲ. ಅವನು ಹುಟ್ಟಿದ ಊರು ಅಲೆಂಕೆರ್. ಈ ಪೋರ್ಚುಗಲ್ಲಿನಲ್ಲೂ ಒಂದು ಅಲೆಂಕೆರ್ ಇದೆ, ಸಾಂತರೆಂ ಇದೆ, ಒಬಿದುಸ್ ಇದೆ. ಯಾವ ಕಾಲದಲ್ಲೋ ಇಲ್ಲಿಂದ ಹಡಗು ಹತ್ತಿದವರು ಮನೆಯ ಹಂಬಲ ತಡೆಯಲಾರದೆ ಆ ನದಿಯ ದಡದುದ್ದಕ್ಕೂ ತಮ್ಮ ಊರುಗಳ ಹೆಸರನ್ನು ಬಟ್ಟೆ ಒಣಹಾಕಿದಂತೆ ನೇತುಹಾಕಿ ಹೋಗಿದ್ದರು. ಬಂದ ಹೊಸತರಲ್ಲಿ ಹೆದ್ದಾರಿಯ ಫಲಕದಲ್ಲಿ ಸಾಂತರೆಂ ಎಂದು ಕಂಡಾಗ ಮೂಗಿಗೆ ನದಿಯ ಕೆಸರು ಮತ್ತು ಡೀಸೆಲ್ ವಾಸನೆ ಬಡಿದಿತ್ತು. ಸ್ಕೂಟರಿನ ಹಿಂದೆ ಯಾರದೋ ಮನೆಗೆ ಮುಟ್ಟಿಸಬೇಕಾದ ಬಿಸಿ ಊಟದ ಪೆಟ್ಟಿಗೆ ಇತ್ತು, ಅದು ಆರುವವರೆಗೂ ಅವನು ಫಲಕದ ಕೆಳಗೆ ನಿಂತಿದ್ದ. ಈಗ ಹಾಗೆ ಆಗುವುದಿಲ್ಲ. ಈಗ ಎರಡೂ ಊರುಗಳು ಒಂದರ ಮೇಲೊಂದು ಇಟ್ಟ ಗಾಜಿನ ಹಾಗೆ, ಯಾವುದರ ಮೂಲಕ ಯಾವುದನ್ನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಗುವುದಿಲ್ಲ.

ಹಾರಾಟದ ಶಾಲೆಯೆಂದರೆ ಒಂದು ಶೆಡ್ಡು, ಅದರ ಪಕ್ಕದಲ್ಲಿ ಕಾಫಿ ಮಾರುವ ಕೋಣೆ. ತೊಮೆ ಆಗಲೇ ಕೌಂಟರಿಗೆ ಒರಗಿ ನಿಂತಿದ್ದ. ಅವನು ಅದೆಮಾರ್‌ನ ಶಿಕ್ಷಕ; ಗಡ್ಡ ಈಚೆಗೆ ದಟ್ಟವಾಗಿರಬೇಕು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಏನ್ ಮಾರಾಯ, ನಿದ್ದೆ ಮಾಡಿದ್ಯೋ ಇಲ್ವೋ? ಕಣ್ಣು ನೋಡು, ಹೊಲಿಗೆ ಬಿಚ್ಚಿದ ಹಾಗಿದೆ."

"ಮಾಡಿದೆ, ಮಾಡಿದೆ."

"ಇವತ್ತಾದ್ರೂ ರನ್‌ವೇ ಸುತ್ತ ದೊಡ್ಡ ಪ್ರದಕ್ಷಿಣೆ ಹಾಕ್ಬೇಡ. ಇಲ್ಲಿ ಕಾಡಿಲ್ಲ, ಮೊಸಳೆ ಇಲ್ಲ. ಮತ್ತೆ ಚಕ್ರ..."

"ಚಕ್ರ. ಗೊತ್ತು."

"ಮತ್ತೆ ರೇಡಿಯೋದಲ್ಲಿ ನಿಮ್ಮೂರ ರಾಗದಲ್ಲಿ ಹಾಡ್ಬೇಡ. ನೀನು ಮಾತಾಡಿದ್ರೆ ಅವರಿಗೆ ಬೀಚಿಂದ ಯಾರೋ ಕೂಗಿದ ಹಾಗೆ ಕೇಳತ್ತಂತೆ." ತೊಮೆ ನಕ್ಕ. ಕೆಟ್ಟ ಮನಸ್ಸಿನವನಲ್ಲ. ಅದೆಮಾರ್ ಕೂಡ ನಕ್ಕ. ಒಂದು ವರ್ಷದಿಂದ ಅವನು ಎಲ್ಲದಕ್ಕೂ ಹೀಗೆ ನಕ್ಕುಬಿಡುತ್ತಿದ್ದ: ಕಚೇರಿಯವರು ಬ್ರೆಜಿಲಿನ ಲೈಸೆನ್ಸನ್ನು ತುದಿಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ ಇದು ಇಲ್ಲಿ ನಡೆಯುವುದಿಲ್ಲ ಎಂದಾಗ, ಇಪ್ಪತ್ತರ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಮೋಡ ಹೇಗೆ ಹುಟ್ಟುತ್ತದೆಂದು ಮತ್ತೆ ಮೊದಲಿಂದ ಓದಿದಾಗ, ಲಿಖಿತ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿದಾಗ ಮಗಳು ಇಯಾರಾ "ಹಾಗಾದ್ರೆ ಈಗ್ಲಾದ್ರೂ ನೀನು ನಿಜವಾದ ಪೈಲಟ್ಟಾ ಅಪ್ಪಾ?" ಎಂದು ಕೇಳಿದಾಗ. ಅವಳು ಏನೂ ಎಣಿಸಿ ಕೇಳಿರಲಿಲ್ಲ. ಅದಕ್ಕೇ ಆ ಪ್ರಶ್ನೆ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಹೆಂಡತಿ ನೆಯ್ಡೆ ವೃದ್ಧಾಶ್ರಮದ ಅಡಿಗೆಮನೆಯಲ್ಲಿ ದಿನವಿಡೀ ಸೂಪು ಕಲಕುವವಳು. ರಾತ್ರಿ ಬಂದು ಮಗಳ ಬಾಯಿಗೆ ಬೆರಳು ಅಡ್ಡ ಇಟ್ಟು, "ನಿಮ್ಮಪ್ಪ ಇಳಿಸದ ಜಾಗ ಇಲ್ಲ ಕಣೇ" ಎಂದಿದ್ದಳು. ಆ ಮಾತು ಅವನನ್ನು ಇನ್ನೂ ಚಿಕ್ಕವನನ್ನಾಗಿ ಮಾಡಿತ್ತು.

ಪರೀಕ್ಷಕಿ ಗ್ರಾಸಾ ವರೇಲಾ ಹತ್ತು ಗಂಟೆಯ ಹೊತ್ತಿಗೆ ಬಂದಳು. ಪುಟ್ಟ ಆಳು, ನರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು, ಕುತ್ತಿಗೆಯಿಂದ ಕನ್ನಡಕ ತೂಗುತ್ತಿತ್ತು. ದೊಡ್ಡ ವಿಮಾನಗಳಿಂದ ನಿವೃತ್ತಳಾದ ಮೇಲೆ ಇನ್ನೊಬ್ಬರ ಪರೀಕ್ಷೆ ಮಾಡುವುದೇ ಅವಳಿಗೆ ಉಳಿದ ಹಾರಾಟ ಎಂದು ತೊಮೆ ಹೇಳಿದ್ದ. ಎಲ್ಲರೂ ಅವಳನ್ನು ಕಮಾಂಡಾಂತೆ, ಅಂದರೆ ಕ್ಯಾಪ್ಟನ್, ಎನ್ನುತ್ತಿದ್ದರು.

"ಸೆನ್ಯೋರ್ ಅದೆಮಾರ್. ಮಂಜು ಎದ್ದಿದೆ, ಹೊರಡೋಣ. ನಾನು ಜಾಸ್ತಿ ಮಾತಾಡಲ್ಲ. ಮಾತಾಡ್ಲಿಲ್ಲ ಅಂದ್ರೆ ಸಿಟ್ಟು ಅಂತಲ್ಲ."

"ಆಗ್ಲಿ ಕಮಾಂಡಾಂತೆ."

ನೆಲ ಬಿಟ್ಟ ಮೇಲೆ ಅವನ ಕೈಗಳು ಆ ದಿನ ಮೊದಲ ಸಲ ಶಾಂತವಾದವು. ಚಕ್ರ ಮಡಚಿಕೊಂಡ ಸದ್ದು ಪಾದದಡಿಯಲ್ಲಿ ಕೇಳಿತು. ಮುಂದೆ, ಚಕ್ರ ಕೆಳಗಿದೆ ಎನ್ನುವ ಹಸಿರು ದೀಪ ಆರಿತು. ಮಂಜು ಹರಿದು ಹೋಗಿದ್ದರೂ ಗಾಳಿ ಒದ್ದೆಯಾಗಿತ್ತು, ಕಣ್ಣಿಗೆ ಕಾಣದಷ್ಟು ಒದ್ದೆ, ಒಗೆದು ಹಿಂಡದ ಬಟ್ಟೆಯ ಹಾಗೆ. ಕೆಳಗೆ ಅಲೆಂತೆಜು ಬಯಲು, ಕೊಯ್ದ ಗೋಧಿ ಹೊಲಗಳು, ಅಲ್ಲಲ್ಲಿ ಹಸಿರು ಚಿಗುರು, ಒಂದು ಬಿಳಿ ಮನೆ, ಒಂದು ಬಾವಿ, ಮತ್ತೆ ಏನೂ ಇಲ್ಲ. ಗ್ರಾಸಾ ಹೇಳಿದ್ದನ್ನೆಲ್ಲ ಅವನು ಮಾಡಿದ. ಕಡಿದಾಗಿ ತಿರುಗಿಸಿ ಎಂದಳು, ತಿರುಗಿಸಿದ. ಹೋಗಬೇಕಿದ್ದ ಊರನ್ನು ಬಿಟ್ಟು ಬೇರೆ ಊರಿಗೆ ಹೋಗಿ ಎಂದಳು, ನಕ್ಷೆಯ ಮೇಲೆ ಗೆರೆ ಎಳೆದು ಹೋದ. ರೇಡಿಯೋದಲ್ಲಿ ಹಾಡಲಿಲ್ಲ, ಸ್ವರಗಳನ್ನು ಹಲ್ಲಿನ ಹಿಂದೆ ನುಂಗಿ ಇಲ್ಲಿಯವರ ಹಾಗೇ ಮಾತಾಡಿದ, ಆ ದನಿ ಬೇರೆ ಯಾರದೋ ಎನ್ನಿಸಿತು. ಸ್ವಲ್ಪ ಹೊತ್ತಿನಲ್ಲಿ ಅವಳು ಪಕ್ಕದಲ್ಲಿ ಇರುವುದೇ ಮರೆತಂತಾಯಿತು. ಬಯಲು ನಿಧಾನವಾಗಿ ಆ ನದಿಯ ಕಂದು ಬಣ್ಣಕ್ಕೆ ತಿರುಗಿ ಹರಿಯತೊಡಗಿತು. ಹಿಂದಿನ ಸೀಟಿನಲ್ಲಿ ಯಾರೋ ಇದ್ದಾರೆ: ಮಡಿಲಲ್ಲಿ ಸೀಮೆಸುಣ್ಣದ ಪೆಟ್ಟಿಗೆ ಇಟ್ಟುಕೊಂಡ ಶಾಲೆಯ ಮೇಷ್ಟ್ರು; ಐಸ್ ಪೆಟ್ಟಿಗೆಯಲ್ಲಿ ಮೀನು; ಬೆನ್ನ ಹಿಂದೆ ಹಲ್ಲು ಕಚ್ಚಿ ನರಳುತ್ತಾ, ನನ್ನನ್ನು ನೋಡಬೇಡ ಮುಂದೆ ನೋಡಿ ಓಡಿಸು ಎಂದು ಬೈಯುತ್ತಿದ್ದ ತುಂಬು ಬಸುರಿ. ಅವಳಿಗೆ ಸಾಂತರೆಂ ಆಸ್ಪತ್ರೆಯಲ್ಲಿ ಗಂಡು ಹುಟ್ಟಿತ್ತು. ಪೈಲಟ್ಟಿನ ಹೆಸರಿಡುತ್ತೇನೆಂದು ಹೇಳಿ ಆಮೇಲೆ ಯಾವುದೋ ಫುಟ್‌ಬಾಲ್ ಆಟಗಾರನ ಹೆಸರಿಟ್ಟಳು. ಆ ದಿನಗಳಲ್ಲಿ ತಾನು ಚೆನ್ನಾಗಿ ಹಾರಿಸುತ್ತೇನೆಂದು ಅವನಿಗೆ ಗೊತ್ತಿತ್ತೋ? ಇಲ್ಲ. ಉಸಿರಾಡುತ್ತೇನೆಂದು ಯಾರಿಗೆ ಗೊತ್ತಿರುತ್ತದೆ? ಇಲ್ಲಿ ಬಂದು ಪ್ರತಿಯೊಂದು ಉಸಿರಿಗೂ ಅಂಕ ಹಾಕಿಸಿಕೊಂಡ ಮೇಲೆ...

ಗ್ರಾಸಾಳ ಕೈ ಮುಂದೆ ಬಂದು ಇಂಜಿನ್ನಿನ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯಿತು. ಸದ್ದು ಇಳಿದು ಬರೀ ಗೊಣಗಾಯಿತು.

"ಇಂಜಿನ್ ಹೋಯ್ತು ಅಂದ್ಕೊಳ್ಳಿ. ಎಲ್ಲಿ ಇಳಿಸ್ತೀರಿ?"

"ಆ ಕೂಳೆ ಹೊಲ. ಮರಗಳ ಎಡಕ್ಕೆ, ಉದ್ದಕ್ಕೆ ಇರೋದು."

"ಕುರಿ ಇದೆ."

"ಮೇಲಿನ ತುದೀಲಿ ಇದೆ. ನಮಗೆ ಕೆಳಗಿನದು ಸಾಕು."

ಮೂಗು ಇಳಿಸಿ ಅವನು ವಿಮಾನವನ್ನು ತೇಲಿಬಿಟ್ಟ. ಎಲ್ಲ ಪಾಠದ ಹಾಗೆಯೇ: ಗಾಳಿ ಎಲ್ಲಿಂದ, ವೇಗ ಎಷ್ಟು, ಪೆಟ್ರೋಲ್, ಬೆಲ್ಟು. ಮತ್ತೆ ಚಕ್ರ. ಚಕ್ರ ಕೆಳಗೆ ಬಿಟ್ಟ, ಹಸಿರು ದೀಪ ಹತ್ತಿತು, ಎದೆಯೊಳಗೆ ಬೆಳಗಿನಿಂದ ಹಿಡಿದಿದ್ದ ಮುಷ್ಟಿ ಒಮ್ಮೆಲೇ ಬಿಚ್ಚಿಕೊಂಡಿತು. ಎಂಥ ಹಗುರ! ಗಾಳಿ ರೆಕ್ಕೆಗಳ ಮೇಲೆ ಸುಯ್ಯೆನ್ನುತ್ತಿತ್ತು. ಕುರಿಗಳು ಒಂದೇ ಸಲಕ್ಕೆ ತಲೆ ಎತ್ತಿದ್ದು, ಕೂಳೆಯ ಸಾಲುಗಳ ನಡುವೆ ನಿಂತ ಮಳೆನೀರು ಆಕಾಶದ ಚೂರುಗಳಾಗಿ ಹೊಳೆದದ್ದು, ಎಲ್ಲ ಅವನಿಗೆ ಕಂಡಿತು. ಯಾರೂ ತನ್ನನ್ನು ನೋಡುತ್ತಿಲ್ಲ, ಯಾವ ಕಚೇರಿಯೂ ಇಲ್ಲ ಎನ್ನಿಸಿತು.

"ಸಾಕು. ಚೆನ್ನಾಗಿದೆ. ಮೇಲೇರಿ," ಅಂದಳು ಗ್ರಾಸಾ, ಎಲ್ಲಿಂದಲೋ.

ಅವನು ಇಂಜಿನ್ನಿನ ಹಿಡಿಯನ್ನು ಮುಂದಕ್ಕೆ ಒತ್ತಿದ. ಇಂಜಿನ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ, ನಡುಗಿ, ಸುಮ್ಮನಾಯಿತು. ಗ್ರಾಸಾಳ ಕೈ ಅವನ ಕೈಮೇಲೆ ಬಂದು ಹಿಡಿಯನ್ನು ಹಿಂದೆ ಮುಂದೆ ಎಳೆದಾಡಿತು. ಏನೂ ಇಲ್ಲ. ಕಿಟಕಿಯ ಮುಂದೆ ಪ್ರೊಪೆಲ್ಲರ್ ಬರೀ ಗಾಳಿಗೆ ತಿರುಗುತ್ತಿತ್ತು. ಅವಳು ಒಂದು ಕ್ಷಣ ಅವನ ಮುಖ ನೋಡಿದಳು; ಆಮೇಲೆ ಎರಡೂ ಕೈಗಳನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ನಿಮ್ಮದೇ," ಅಂದಳು.

ಅವನು ಹೊಲವನ್ನೇ ನೋಡಿದ. ಹೆದರಿಕೆ ಬರಲಿಲ್ಲ, ಆಶ್ಚರ್ಯವೂ ಬರಲಿಲ್ಲ. ಎಷ್ಟೋ ವರ್ಷ ಹುಲ್ಲು ಕಂಡಲ್ಲಿ, ಮರಳು ಕಂಡಲ್ಲಿ, ದನ ಓಡಿಸಿದ ಜಾಗದಲ್ಲಿ ಇಳಿಸಿದ್ದ ಮೈ ತಾನಾಗಿಯೇ ಮುಂದೆ ಬಂದು ಕೂತುಕೊಂಡಿತು, ಒಂದು ವರ್ಷದಿಂದ ತಲೆಯಾಡಿಸುತ್ತಿದ್ದವನನ್ನು ಪಕ್ಕಕ್ಕೆ ಸರಿಸಿ. ಒಂದು ಕಲ್ಲುಗೋಡೆಯನ್ನು ದಾಟಿಸಿದ. ಮೂಗು ಎತ್ತಿ ಹಿಡಿದ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಚಕ್ರಗಳು ತಾಗಿ ಕೂಳೆಯನ್ನು ಪರಪರ ಹರಿದವು. ವಿಮಾನ ಕೆಸರಿನಲ್ಲಿ ಎರಡು ಸಲ ಕುಣಿದು, ದಣಿದ ದನ ಕೂರುವ ಹಾಗೆ ತಡೆದು ತಡೆದು ನಿಂತಿತು. ಎಲ್ಲೋ ಕುರಿಗಂಟೆ. ಬೇರೆ ಸದ್ದಿಲ್ಲ.

"ಪೆಟ್ಟಾಯ್ತಾ ಕಮಾಂಡಾಂತೆ?"

"ಇಲ್ಲ." ಬೆಲ್ಟು ಬಿಚ್ಚಲು ಅವಳಿಗೆ ಆಗಲಿಲ್ಲ. ಅವನು ಬಿಚ್ಚಿಕೊಟ್ಟ. "ಥ್ಯಾಂಕ್ಸ್. ನನ್ನ ಗಂಡನಿಗೆ ಹೇಳ್ಬೇಡಿ ಕೈ ನಡುಗ್ತು ಅಂತ. ಅವನು ಕಾಯ್ತಾ ಇದ್ದಾನೆ, ಇದನ್ನ ಯಾವತ್ತು ಬಿಡ್ತೀನಿ ಅಂತ." ಕೆಳಗಿಳಿದು, ಫೋನಿಗೆ ಸಿಗ್ನಲ್ ಹುಡುಕುತ್ತಾ ಗೋಡೆಯ ಕಡೆ ನಡೆದಳು. ಬೂಟಿಗೆ ಕೆಸರು ಮೆತ್ತಿ ಅವಳ ಹೆಜ್ಜೆ ಭಾರವಾಗುತ್ತಿತ್ತು.

ಆಗ ಅವನಿಗೆ ಗುಂಡಿ ಕಾಣಿಸಿತು. ಇಂಜಿನ್ನಿನ ಹಿಡಿಯ ಪಕ್ಕದಲ್ಲಿ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒದ್ದೆ ಗಾಳಿಯಲ್ಲಿ ಇಂಜಿನ್ ನಿಧಾನ ಮಾಡಿದರೆ ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೇ ಮೊದಲು ಈ ಗುಂಡಿ ಎಳೆದು ಬಿಸಿಗಾಳಿ ಒಳಗೆ ಬಿಡಬೇಕು. ತೊಮೆ ಮೊದಲ ದಿನವೇ ಹೇಳಿದ್ದ, ಆಮೇಲೆ ಹೇಳಿದ್ದು ಕಡಿಮೆ. ಯಾರು ಮರೆಯುತ್ತಾರೆ ಇದನ್ನು? ಪಾರಾದ ವಿಮಾನಗಳಲ್ಲಿ ಕಾರ್ಬ್ಯುರೇಟರೂ ಇರಲಿಲ್ಲ, ಈ ಗುಂಡಿಯೂ ಇರಲಿಲ್ಲ. ಗುಂಡಿ ಒಳಗೇ ಇತ್ತು. ಅವನು ಎಳೆದಿರಲಿಲ್ಲ. ಬೆಳಗಿನಿಂದ ಚಕ್ರ ಚಕ್ರ ಎಂದು ಜಪಿಸಿ, ಚಕ್ರ ಬಿಟ್ಟ ಸುಖದಲ್ಲಿ ತೇಲಿ, ಇದೊಂದನ್ನು ಮರೆತಿದ್ದ. ಇಂಜಿನ್ ಸತ್ತದ್ದಲ್ಲ, ತಾನು ಕೊಂದದ್ದು.

ಕಿಟಕಿಯಾಚೆ ಗ್ರಾಸಾ ಬೆನ್ನು ಹಾಕಿ ನಿಂತಿದ್ದಳು. ಈಗ ಎಳೆದುಬಿಟ್ಟರೆ? ಒಂದು ಬೆರಳಿನ ಕೆಲಸ. ಆಗ, ಎಲ್ಲ ಸರಿಯಾಗಿ ಮಾಡಿದರೂ ಇಂಜಿನ್ ಕೈಕೊಟ್ಟಿತು, ಬ್ರೆಜಿಲಿನವನು ಇಬ್ಬರ ಜೀವ ಉಳಿಸಿದ ಎಂದಾಗುತ್ತದೆ. ತೊಮೆ ಬೆನ್ನು ತಟ್ಟುತ್ತಾನೆ. ಇಯಾರಾ ಶಾಲೆಯಲ್ಲಿ ಹೇಳಿಕೊಳ್ಳುತ್ತಾಳೆ. ಬೆರಳು ಹೋಗಿ ಗುಂಡಿಯನ್ನು ಮುಟ್ಟಿತು ಕೂಡ. ಬೆಚ್ಚಗಿತ್ತು. ಅದನ್ನು ಮುಟ್ಟಿಕೊಂಡೇ ಅವನು ಎಷ್ಟು ಹೊತ್ತು ಕೂತಿದ್ದನೋ, ಪಾಪ ಮಾಡುತ್ತಿದ್ದೇನೆ ಎಂದೇನೂ ಅನ್ನಿಸಲಿಲ್ಲ. ಬದಲಿಗೆ ವಿಚಿತ್ರವಾದ ಒಂದು ನಾಚಿಕೆ ಬಂತು. ಈಗಷ್ಟೇ ಇಳಿಸಿದ ಮೈ ಪಕ್ಕದಲ್ಲಿ ಇನ್ನೂ ಉಸಿರಾಡುತ್ತಿದೆ, ಅದು ನೋಡುತ್ತಿದೆ, ಅದರ ಮುಂದೆ ಹೀಗೆ ಮಾಡುವುದು ಹೇಗೆ?

ಕೈ ತೆಗೆದು ಕೆಳಗಿಳಿದ. ಅಷ್ಟರಲ್ಲಿ ಹಳೆಯ ಪಿಕಪ್ ಗಾಡಿಯೊಂದು ಹೊಲದ ಅಂಚಿನಲ್ಲಿ ನಿಂತು, ಚಪ್ಪಟೆ ಟೋಪಿಯ ಮುದುಕನೊಬ್ಬ ಇಳಿದು ಬಂದಿದ್ದ. ಹೊಲದ ಯಜಮಾನ. ಕೋಲೂರಿ ವಿಮಾನವನ್ನು ಒಂದು ಸುತ್ತು ನೋಡಿದ, ಹರಾಜಿಗೆ ಬಂದವನ ಹಾಗೆ.

"ಹೇಳಿ ಬಂದಿದ್ರೆ ಕುರೀನ ಆ ಕಡೆ ಹೊಡೀತಿದ್ದೆ," ಅಂದ.

"ಕ್ಷಮಿಸಿ ಸ್ವಾಮಿ. ಹೊಲ ಹಾಳಾಯ್ತು."

"ಕೂಳೆ ಏನ್ ಹಾಳಾಗತ್ತೆ? ಮಾತು ಕೇಳಿದ್ರೆ ನಮ್ ಕಡೆಯವರಲ್ಲ."

"ಬ್ರೆಜಿಲ್. ಪಾರಾ."

"ಓಹೋ. ಅಲ್ಲೂ ಇದೆಯೋ ಇಷ್ಟು ಚಪ್ಪಟೆ ನೆಲ?"

"ನೆಲ ಇಲ್ಲ. ಇಷ್ಟು ಚಪ್ಪಟೆ ನೀರಿದೆ."

ಮುದುಕ ಅದನ್ನು ಕಣ್ಣು ಕಿರಿದು ಮಾಡಿ ಯೋಚಿಸಿದ. "ಅದ್ರ ಮೇಲೆ ಉಳೋಕಾಗಲ್ಲ," ಎಂದು ತೀರ್ಮಾನಿಸಿ, ಗಾಡಿಯಿಂದ ಬ್ರೆಡ್ಡು, ಕುರಿಹಾಲಿನ ಚೀಸು ತಂದು ಗೋಡೆಯ ಮೇಲಿಟ್ಟ. "ಅಮ್ಮಾವ್ರಿಗೂ ಕೊಡಿ. ಮುಖ ಬಿಳಿಚ್ಕೊಂಡಿದೆ." ಕುರಿಗಳ ಕಡೆ ನಡೆದುಹೋದ.

ಗ್ರಾಸಾ ಗೋಡೆಯ ಮೇಲೆ ಕೂತಿದ್ದಳು. ಅದೆಮಾರ್ ಕೂರಲಿಲ್ಲ.

"ಮೆಕ್ಯಾನಿಕ್ಕನ್ನ ಕರ್ಕೊಂಡು ತೊಮೆ ಬರ್ತಾನೆ," ಅಂದಳು. "ಅಲ್ಲಿ ಎಲ್ಲಾ ನಿಮ್ದೇ ಮಾತು. ಭೇಷ್ ಅಂತೆ."

"ಕಮಾಂಡಾಂತೆ, ನಾನು ಬಿಸಿಗಾಳಿ ಗುಂಡಿ ಎಳೀಲಿಲ್ಲ."

ಅವಳು ಬ್ರೆಡ್ಡು ಮುರಿಯುತ್ತಿದ್ದವಳು ನಿಲ್ಲಿಸಲಿಲ್ಲ. "ಗೊತ್ತು. ನೋಡಿದೆ."

"ನೋಡಿದ್ರಾ?"

"ನಾನು ಹಿಡಿ ಎಳೆದಾಗ್ಲೇ ನೋಡಿದೆ. ಈಗ ನೆನಪಾಗತ್ತೆ, ಈಗ ನೆನಪಾಗತ್ತೆ ಅಂತ ಕಾದೆ. ಪರೀಕ್ಷೆ ಅಂದ್ರೆ ಕಾಯೋದೇ ತಾನೇ? ಹುಡುಗರಾದ್ರೆ ಸ್ವಲ್ಪ ಕಾದು ನಾನೇ ಎಳೀತೀನಿ. ಇವತ್ತು..." ಅವಳು ಹೊಲದ ಕಡೆ ನೋಡಿದಳು. "ನೀವು ಹಾಗೆ ತೇಲಿಸ್ತಾ ಇದ್ರಿ. ಎಷ್ಟು ವರ್ಷ ಆಗಿತ್ತು ನನಗೆ ಯಾರಾದ್ರೂ ಹಾಗೆ ಕರ್ಕೊಂಡು ಹೋಗಿ. ಕಿಟಕೀಲಿ ಕುರಿ ನೋಡ್ತಾ ಕೂತ್ಬಿಟ್ಟೆ. ಮಗು ಹಾಗೆ."

ಗಾಳಿ ಬೀಸಿ ಕೂಳೆ ಸರಗುಟ್ಟಿತು. ಅವಳ ಎದುರು ಕೂಡ ಒಂದು ಬಾಗಿಲು ಅರೆ ತೆರೆದು ನಿಂತಿದೆ ಎಂಬುದು ಅವನಿಗೆ ಆಗ ಹೊಳೆಯಿತು. ನಡೆದದ್ದನ್ನು ಕಚೇರಿಗೆ ಬರೆದು ಕಳಿಸಬೇಕಾದವಳು ಅವಳು; ಏನು ಬೇಕಾದರೂ ಬರೆಯಬಹುದು. ಅವಳು ಏನು ಕೇಳಿದರೂ ತಾನು ಒಪ್ಪಿಬಿಡುತ್ತೇನೆ ಎಂದು ಅವನಿಗೆ ಹೆದರಿಕೆಯಾಯಿತು.

"ಗುಂಡಿ ಈಗ ಎಲ್ಲಿದೆ?" ಅಂದಳು.

"ಒಳಗೇ ಇದೆ."

ಅವಳು ಅವನ ಬೆರಳುಗಳ ಕಡೆ ನೋಡಿದಳು, ಅವು ಎಲ್ಲಿ ಹೋಗಿ ಬಂದಿದ್ದವೆಂದು ಗೊತ್ತಿದ್ದವಳ ಹಾಗೆ. "ಒಳಗೇ ಇರ್ಲಿ," ಅಂದಳು. ಅರ್ಧ ಬ್ರೆಡ್ಡನ್ನು ಅವನ ಕೈಗಿಟ್ಟಳು. "ಈ ಭಾಗದಲ್ಲಿ ನೀವು ಫೇಲ್ ಸೆನ್ಯೋರ್ ಅದೆಮಾರ್. ತೊಮೆ ಜೊತೆ ಇನ್ನೊಂದಿಷ್ಟು ಹಾರಿ ಮತ್ತೆ ಬರ್ಬೇಕು. ಪರೀಕ್ಷೆಗೆ ನಾನು ಇರಲ್ಲ, ಬೇರೆಯವರು. ನನ್ನನ್ನ ಕರ್ದು ಕೇಳೋದು ಬೇರೆ ಇರತ್ತೆ. ಇನ್ಮೇಲೆ ನನಗೆ ಈ ಕೆಲಸ ಕೊಡ್ತಾರೋ ಇಲ್ವೋ."

"ಕಮಾಂಡಾಂತೆ, ನನ್ನಿಂದ..."

"ಸುಮ್ನಿರಿ. ತಿನ್ನಿ. ನಾನೇ ಎಳೀಬಹುದಿತ್ತು."

ಅವನು ತಿಂದ. ಚೀಸು ಉಪ್ಪಾಗಿತ್ತು, ಬ್ರೆಡ್ಡು ಗಟ್ಟಿ. ಫೇಲ್ ಎಂಬ ಮಾತು ಕಿವಿಯಲ್ಲಿತ್ತು, ಅದು ಚುಚ್ಚುವುದನ್ನೇ ಅವನು ಕಾಯುತ್ತಿದ್ದ. ಚುಚ್ಚಿತು, ಇಲ್ಲವೆಂದಲ್ಲ, ಆದರೆ ಈ ಸಲ ಅದಕ್ಕೆ ನಗಬೇಕಾಗಲಿಲ್ಲ. ಇಷ್ಟು ದಿನ ತಪ್ಪು ಯಾವುದು ತನ್ನದು, ಯಾವುದು ತನ್ನ ನಾಲಗೆಯದು, ಯಾವುದು ಹುಟ್ಟಿದ ಊರಿನದು ಎಂದೇ ತಿಳಿಯದೆ ಎಲ್ಲವನ್ನೂ ಒಂದೇ ಮೂಟೆಯಲ್ಲಿ ಹೊತ್ತು ತಿರುಗುತ್ತಿದ್ದ. ಇದು ಮಾತ್ರ ಪೂರ್ತಿ ತನ್ನದು. ಇಳಿಸಿದ್ದೂ ತನ್ನದೇ.

ಮೆಕ್ಯಾನಿಕ್ ಬಂದು ನೋಡಿ, ಫೋಟೋ ತೆಗೆದು, ಇಂಜಿನ್ ಚಾಲೂ ಮಾಡಿದ. ಏನೂ ಆಗೇ ಇಲ್ಲವೆನ್ನುವ ಹಾಗೆ ಅದು ಗುರುಗುಟ್ಟಿತು. ಗಡ್ಡೆ ಕರಗಿ ಹೋಗಿತ್ತು. ಯಾರ್ಯಾರಿಗೋ ಫೋನು ಹೋಗಿ, ವಿಮಾನವನ್ನು ಹೊಲದಿಂದ ಎಬ್ಬಿಸಿಕೊಂಡು ಹೋಗಬಹುದು ಎಂಬ ಮಾತು ಬರುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಅಷ್ಟರವರೆಗೂ ಅದೆಮಾರ್ ಮತ್ತು ಗ್ರಾಸಾ ಹೊಲದ ಉದ್ದಕ್ಕೆ ಜೊತೆಯಾಗಿ ನಡೆದು, ಚಕ್ರದ ದಾರಿಗೆ ಅಡ್ಡ ಬರುವ ಕಲ್ಲುಗಳನ್ನು ಆರಿಸಿ ಬದಿಗೆ ಎಸೆದರು. ಅವಳು ಪ್ಯಾಂಟಿನ ತುದಿಯನ್ನು ಮೊಣಕಾಲಿಗೆ ಮಡಚಿದ್ದಳು. ದೊಡ್ಡ ಕಲ್ಲು ಸಿಕ್ಕಾಗ "ಬನ್ನಿ ಇಲ್ಲಿ" ಎಂದು ಕೂಗುತ್ತಿದ್ದಳು; ಇಬ್ಬರೂ ಬಗ್ಗಿ ಎತ್ತುತ್ತಿದ್ದರು.

ತೊಮೆ ಹೊಲದ ತುದಿಯಲ್ಲಿ ನಿಂತು ಗಡ್ಡ ಮುಟ್ಟಿಕೊಳ್ಳುತ್ತಿದ್ದ. ಹತ್ತಿರ ಬಂದು ದನಿ ಇಳಿಸಿದ. "ಅದೆಮಾರ್, ನಾನು ಇಂಥ ನೆಲದಿಂದ ಯಾವತ್ತೂ ಎದ್ದಿಲ್ಲ. ಕೆಸರು ಬೇರೆ."

"ಪಕ್ಕದಲ್ಲಿ ಕೂತ್ಕೋ. ಶಿಕ್ಷಕ ನೀನೇ. ಹಾರಿಸೋದು ನಾನು."

"ಅಂದ್ರೆ ಇದು ಪಾಠ ಅಂತ ಬರೀತೀನಿ?"

"ಪಾಠಾನೇ ಅಲ್ವಾ."

ಹೊರಡುವ ಮುನ್ನ ನೆಯ್ಡೆಗೆ ಫೋನು ಮಾಡಿದ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಅಜ್ಜಿ ಉಪ್ಪು ಕೇಳುತ್ತಿರುವುದು.

"ಆಯ್ತಾ?" ಅಂದಳು.

"ಆಗ್ಲಿಲ್ಲ. ಒಂದು ಭಾಗ ಹೋಯ್ತು. ನನ್ನದೇ ತಪ್ಪು."

ಪಾತ್ರೆಗಳ ಸದ್ದು ದೂರವಾಯಿತು. ಅವಳು ಬಾಗಿಲಾಚೆ ಬಂದಿರಬೇಕು. "ಇರ್ಲಿ ಬಿಡು," ಅಂದಳು, ಬಹಳ ಮೆಲ್ಲಗೆ. "ಇರ್ಲಿ. ಅಳ್ತಾ ಇದ್ದೀಯಾ?"

"ಇಲ್ಲ ನೆಯ್ಡೆ," ಅಂದ. ಕೂಳೆಯ ಮೇಲೆ ವಿಮಾನದ ನೆರಳು ಉದ್ದವಾಗಿ, ಕಲ್ಲುಗೋಡೆ ದಾಟಿ, ಆಚೆಯ ಹೊಲಕ್ಕೆ ಬಿದ್ದಿತ್ತು. "ಕೇಳು. ಇವತ್ತು ನಾನು ವಿಮಾನ ಹಾರಿಸ್ದೆ."